ಹದಿನಾರು ಸಂಪುಟ ಬೇಕಿತ್ತಾ ಫಾದರ್?

ಮಂಗಳವಾರದಿಂದ ಅತ್ತಿಗೆಯ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಕಾಸರಗೋಡಿನ ಬಸ್ಸಿನಲ್ಲಿ ಅದೇ, ಪೇಪರ್ ತಿದ್ದುವಾಗಲೂ ಅದೇ.

ಅಣ್ಣನ ಮಗನ ಪಿಎಚ್‌ಡಿ ಪ್ರಬಂಧ ವಾಪಸ್ ಬಂದಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಪ್ರಸಂಗಗಳ ಮೇಲೆ ಐದು ವರ್ಷ ಕೂತು ಬರೆದದ್ದು. ‘ಇದರಲ್ಲಿ ಕವಿಗಿಂತ ನಿಮ್ಮ ತತ್ವಜ್ಞಾನವೇ ಜಾಸ್ತಿ’ ಅಂತ ಒಂದು ಸಾಲು. ಹುಡುಗ ನೀರ್ಚಾಲಿಗೆ ಬಂದವನೇ ಯಾರೊಡನೆಯೂ ಮಾತಿಲ್ಲದೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತ. ಬಂದವರಿಗೆಲ್ಲ ಬುದ್ಧಿ ಹೇಳುವ ಚಪಲ. ಒಬ್ಬರು ಬಿಎಡ್ ಮಾಡು ಅಂದರು, ಇನ್ನೊಬ್ಬರು ಪಿಎಸ್‌ಸಿ ಬರಿ ಅಂದರು. ನಾನೂ ಏನೋ ಹೇಳಿದೆ. ಈಗ ನಾಚಿಕೆಯಾಗುತ್ತದೆ.

ಆಮೇಲೆ ಬೇಳದಿಂದ ಫಾದರ್ ಬಂದರು. ಯೇಸುಸಭೆಯವರು, ಅಂದರೆ ಜೆಸ್ವಿಟ್ ಪಾದ್ರಿ, ದೇವತಾಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ತಂಗಿಯ ಮನೆಗೆ ಬಂದಾಗಲೆಲ್ಲ ಅಣ್ಣನನ್ನು ನೋಡಿಯೇ ಹೋಗುವುದು. ವಿಷಯ ಗೊತ್ತಿತ್ತು. ಆದರೂ ಏನೂ ಕೇಳಲಿಲ್ಲ. ಒಂದು ಕತ್ತಿ ಎಳೆದುಕೊಂಡು ಹುಡುಗನ ಪಕ್ಕ ಕೂತು ಸುಲಿಯತೊಡಗಿದರು. ಅಭ್ಯಾಸವಿಲ್ಲದ ಕೈ. ಇವನು ಹತ್ತು ಸುಲಿಯುವಾಗ ಅವರದು ಒಂದು, ಅದಕ್ಕೂ ಕತ್ತಿಯ ಗೀರು. ಬೇರೆ ಯಾರಾದರೂ ಆಗಿದ್ದರೆ ಅತ್ತಿಗೆ ಬಿಡುತ್ತಿರಲಿಲ್ಲ. ಅರ್ಧ ಗಂಟೆ ಅಡಿಕೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನಗಂತೂ ಉಸಿರುಗಟ್ಟುವ ಹಾಗಾಯಿತು.

“ಕಾರ್ಲ್ ರಾನರ್ ಅವರದೂ ವಾಪಸ್ ಬಂದಿತ್ತು” ಅಂದರು ಕಡೆಗೆ.

ಯಾರದು ಅಂತ ಹುಡುಗ ತಲೆ ಎತ್ತಿದ. ಆ ವಾರದಲ್ಲಿ ಅವನು ತಲೆ ಎತ್ತಿದ್ದು ಅದೇ ಮೊದಲು.

ರಾನರ್ ಜರ್ಮನಿಯವರು, 1904ರಲ್ಲಿ ಹುಟ್ಟಿದವರು, ಇವರದೇ ಸಭೆಯ ಪಾದ್ರಿ. ಫ್ರೈಬರ್ಗಿನಲ್ಲಿ ತತ್ವಜ್ಞಾನಿ ಹೈಡೆಗರ್ ತರಗತಿಗಳಲ್ಲಿ ಕೂತು, ಮಧ್ಯಯುಗದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಮೇಲೆ ಪ್ರಬಂಧ ಬರೆದರು. ಗೈಡ್ ಒಪ್ಪಲಿಲ್ಲ. ಅಕ್ವಿನಾಸ್‌ಗಿಂತ ಹೊಸಬರ ಗಾಳಿಯೇ ಜಾಸ್ತಿ ಅಂತ ತಕರಾರು.

“ಮತ್ತೆ?”

“ಮತ್ತೆ ಎಂತದು, ಇನ್ಸ್‌ಬ್ರುಕ್‌ನಲ್ಲಿ ಬೇರೆ ಒಂದು ಬರೆದು 1936ರಲ್ಲಿ ದೇವತಾಶಾಸ್ತ್ರದ ಡಾಕ್ಟರೇಟ್ ತಗೊಂಡರು. ಬೇಡ ಅಂದದ್ದನ್ನು 1939ರಲ್ಲಿ ಪುಸ್ತಕ ಮಾಡಿದರು.”

ಅಷ್ಟಕ್ಕೆ ಕಾಟ ಮುಗಿಯಲಿಲ್ಲವಂತೆ. ಇನ್ಸ್‌ಬ್ರುಕ್‌ನ ಆ ವಿಭಾಗವನ್ನೇ ನಾಜಿಗಳು ಮುಚ್ಚಿದರು. ಯುದ್ಧ ಮುಗಿದ ಮೇಲೆ ಮತ್ತೆ ಅಲ್ಲಿಯೇ ಪಾಠ, ಆಮೇಲೆ ಮ್ಯೂನಿಕ್, ಮ್ಯೂನ್‌ಸ್ಟರ್. 1962ರಲ್ಲಿ, ಬರೆದದ್ದನ್ನು ಅಚ್ಚಿಗೆ ಮೊದಲು ರೋಮಿಗೆ ತೋರಿಸಬೇಕು ಅಂತ ಆಜ್ಞೆ. ಅದೇ ವರ್ಷ ಶುರುವಾದ, ಜಗತ್ತಿನ ಕ್ಯಾಥೊಲಿಕ್ ಬಿಷಪರೆಲ್ಲ ಸೇರುವ ಎರಡನೇ ವ್ಯಾಟಿಕನ್ ಮಹಾಸಭೆಗೆ ತಜ್ಞರಾಗಿ ಕರೆದದ್ದೂ ಅವರನ್ನೇ. ಬರೆದ ಲೇಖನಗಳೇ 16 ಸಂಪುಟ.

“ಅಷ್ಟು ಬರೆದು ದೇವರು ಅಂದರೆ ಏನು ಅಂತ ಹೇಳಿದರು?” ಹುಡುಗನ ದನಿಯಲ್ಲಿ ಸ್ವಲ್ಪ ಕೊಂಕಿತ್ತು.

“ಪೂರ್ತಿ ಅರ್ಥವಾಗದ್ದು, ರಹಸ್ಯ, ಅಂತ.”

ಚಹಾ ತರುತ್ತಿದ್ದ ಅತ್ತಿಗೆ ಬಾಗಿಲಲ್ಲೇ ನಿಂತು ಕೇಳಿದರು: “ಅದನ್ನು ಹೇಳಲಿಕ್ಕೆ ಹದಿನಾರು ಸಂಪುಟ ಬೇಕಿತ್ತಾ ಫಾದರ್?”

ಫಾದರ್ ನಕ್ಕ ನಗೆಗೆ ಕೈಯಲ್ಲಿದ್ದ ಅಡಿಕೆ ಅಂಗಳಕ್ಕೆ ಉರುಳಿತು. ಹುಡುಗನೂ ನಕ್ಕ. ಕಣ್ಣು ಒರೆಸಿಕೊಂಡು ಫಾದರ್ ಹೇಳಿದ್ದು ಇಷ್ಟೇ: “ಬೇಕಿತ್ತು ಅಂತ ಕಾಣ್ತದೆ ಅಮ್ಮ.”

ನಾನಾಗಿದ್ದರೆ ಅಲ್ಲೇ ಒಂದು ಭಾಷಣ ಬಿಗಿಯುತ್ತಿದ್ದೆ. ಮೇಷ್ಟ್ರ ಬುದ್ಧಿ ಅಲ್ವಾ. ಇಷ್ಟು ವರ್ಷ ಕ್ಲಾಸಿನಲ್ಲಿ ಒಂದು ಸಲವೂ ‘ಗೊತ್ತಿಲ್ಲ’ ಅಂದವನಲ್ಲ ನಾನು. ಗೊತ್ತಿಲ್ಲದಾಗ ದನಿ ಇನ್ನಷ್ಟು ಏರಿಸಿದ್ದೇನೆ. ದೇವರ ವಿಷಯದಲ್ಲಂತೂ ನಮ್ಮಲ್ಲಿ ಗೊತ್ತಿಲ್ಲದವರೇ ಇಲ್ಲ. ಟಿವಿ ಹಾಕಿದರೆ ಸಾಕು, ದೇವರಿಗೆ ಯಾವ ಬಣ್ಣ ಇಷ್ಟ ಅಂತಲೂ ಹೇಳುವವರಿದ್ದಾರೆ. ಆದರೆ ಓದದೆ, ಒದ್ದಾಡದೆ ‘ಎಲ್ಲ ರಹಸ್ಯ’ ಅನ್ನುವವರನ್ನೂ ನಾನು ನಂಬುವುದಿಲ್ಲ. ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಡುವ ಹುಡುಗರ ಹಾಗೆ ಅವರು.

ಹೊರಡುವಾಗ ಗೇಟಿನ ಹತ್ತಿರ ಫಾದರ್ ಇನ್ನೊಂದು ವಿಷಯ ಹೇಳಿದರು. ಈ ದಪ್ಪ ಪುಸ್ತಕಗಳಿಗೆ ಎಷ್ಟೋ ಮೊದಲು, 1938ರಲ್ಲಿ, ರಾನರ್ ಒಂದು ಸಣ್ಣ ಪ್ರಾರ್ಥನೆ ಪುಸ್ತಕ ಬರೆದಿದ್ದರಂತೆ. ನೀನು ಯಾಕೆ ಸುಮ್ಮನಿದ್ದಿ ಅಂತ ದೇವರನ್ನೇ ಕೇಳುವಂಥದ್ದು. “ನಾನು ಪಾಠ ಮಾಡಿದ್ದು ಆ ಸಂಪುಟಗಳನ್ನು, ಓದುವುದು ಇದನ್ನು” ಅಂದರು. ನಾನು ಇನ್ನೇನೋ ಕೇಳುವಷ್ಟರಲ್ಲಿ ಬದಿಯಡ್ಕದ ಬಸ್ಸು ಬಂತು.

ಹುಡುಗ ಪ್ರಬಂಧದ ಕಟ್ಟು ಇನ್ನೂ ಬಿಚ್ಚಿಲ್ಲ. ಸುಲಿಯುವುದನ್ನೂ ಬಿಟ್ಟಿಲ್ಲ. ನಿನ್ನೆ ಹೋದಾಗ ಅತ್ತಿಗೆ ಗೀರು ಬಿದ್ದ ಅಡಿಕೆಗಳನ್ನು ಬೇರೆ ಬುಟ್ಟಿಗೆ ಹೆಕ್ಕುತ್ತಿದ್ದರು. “ಫಾದರ್ ಸುಲಿದದ್ದು. ಅಂಗಡಿಯವ ತಗೊಳ್ಳುವುದಿಲ್ಲ, ನಮಗೇ ತಿನ್ನಲಿಕ್ಕಾಯಿತು” ಅಂದರು.