ಹಾಗಾದ್ರೆ ಕ್ಲೈಂಟ್ ಯಾರು?

ಮೊನ್ನೆ ನಮ್ಮನೆ ಡೈನಿಂಗ್ ಟೇಬಲ್ ಹತ್ರ ಒಂದು ನಾಯಿ ವಿಷಯಕ್ಕೆ ದೊಡ್ಡ ಜಗಳ ಆಯ್ತು, ಅದೂ ಪುಸ್ತಕದೊಳಗಿನ ನಾಯಿ. ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಫೆಬ್ರವರಿ ಮೂರನೇ ವಾರ ಸ್ಕೂಲಿಗೆ ರಜ, ಹೊರಗೆ ಸ್ನೋ ಬಿದ್ದು ಕಲ್ಲಾಗಿತ್ತು, ಎದುರು ಮನೆ ಹುಡುಗ ಬೆಳಿಗ್ಗೆನೇ ಬೂಟ್ಸ್ ಕಳಚಿಟ್ಟು ಒಳಗೆ ಬಂದಿದ್ದ. ಅವನೂ ನನ್ನ ಮಗಳೂ ಇಬ್ಬರೂ ನೇಟ್ ದ ಗ್ರೇಟ್ ಅನ್ನೋ ಸೀರೀಸ್‌ನ ಪರಮ ಭಕ್ತರು. ಗೊತ್ತಿಲ್ದೋರಿಗೆ ಹೇಳ್ತೀನಿ, ನೇಟ್ ಅಂದ್ರೆ ಒಬ್ಬ ಪುಟ್ಟ ಪತ್ತೇದಾರ, ಪ್ಯಾನ್‌ಕೇಕ್ ಅಂದ್ರೆ ಪ್ರಾಣ, ಮನೆಯಿಂದ ಹೊರಡೋಕೆ ಮುಂಚೆ ಅಮ್ಮನಿಗೆ ಚೀಟಿ ಬರೆದಿಟ್ಟು ಹೋಗೋ ಮರ್ಯಾದಸ್ಥ ಹುಡುಗ (ನಮ್ಮನೇಲಿರೋರು ಇದೊಂದನ್ನ ಅವನಿಂದ ಕಲ್ತಿದ್ರೆ ಸಾಕಿತ್ತು). ಮಾರ್ಜೊರಿ ವೈನ್‌ಮನ್ ಶಾರ್ಮಾಟ್ ಅಂತ ಲೇಖಕಿ, 1972ರಲ್ಲಿ ಮೊದಲ ಪುಸ್ತಕ ಬಂತು, ನೇಟ್ ಅನ್ನೋದು ಆಯಮ್ಮನ ತಂದೆ ಹೆಸರು, ನೇಥನ್. ಜಗಳ ಆಗಿದ್ದು 1994ರಲ್ಲಿ ಬಂದ ವ್ಯಾಲೆಂಟೈನ್ಸ್ ಡೇ ಪುಸ್ತಕದ ಬಗ್ಗೆ.

ಅದರಲ್ಲಿ ನೇಟ್‌ಗೆ ಈ ಪ್ರೀತಿ ಪ್ರೇಮದ ಕಾರ್ಡು ಅಂದ್ರೆ ಆಗಿ ಬರಲ್ಲ, ಆದ್ರೆ ಅವನ ನಾಯಿ ಸ್ಲಡ್ಜ್ ಗೂಡಿನ ಮೇಲೆ ಯಾರೋ ದೊಡ್ಡದೊಂದು ಕೆಂಪು ಕಾಗದದ ಹಾರ್ಟ್ ಅಂಟಿಸಿ ಹೋಗಿರ್ತಾರೆ. ಯಾರು ಅಂತ ಹುಡುಕ್ಬೇಕು. ಅಷ್ಟರಲ್ಲಿ ಆನಿ ಅನ್ನೋ ಗೆಳತಿ ಬಂದು ನಂದೊಂದು ವ್ಯಾಲೆಂಟೈನ್ ಕಾರ್ಡ್ ಕಾಣ್ತಿಲ್ಲ ಅಂತಾಳೆ. ಕೊನೆ ಏನು ಅಂತ ನಾನು ಹೇಳಲ್ಲ, ಹೇಳಿದ್ರೆ ನನ್ನ ಮಗಳು ನನ್ನನ್ನ ಮನೆಯಿಂದ ಹೊರಗೆ ಹಾಕ್ತಾಳೆ.

ಇವರಿಬ್ಬರ ತಕರಾರು ಏನಪ್ಪಾ ಅಂದ್ರೆ ನಾಯಿ ಕ್ಲೈಂಟ್ ಆಗಬಹುದಾ ಅಂತ. ಹುಡುಗ ಹೇಳ್ದ, ಆಗಬಹುದು, ಹಾರ್ಟ್ ಬಂದಿರೋದು ಅವನ ಮನೆಗೆ ಅಲ್ವಾ. ನನ್ನ ಮಗಳು ಒಪ್ಪಲಿಲ್ಲ, ಸ್ಲಡ್ಜ್ ಹುಡುಕಿಕೊಡಿ ಅಂತ ಕೇಳೇ ಇಲ್ಲ, ಕೇಳದೆ ಕೇಸ್ ತಗೊಂಡ್ರೆ ಅದು ಕೇಸಲ್ಲ ಅಂದ್ಲು. ಇವಳಿಗೆ ಈ ರೂಲ್ಸೆಲ್ಲ ಬಂದಿರೋದು ಎನ್‌ಸೈಕ್ಲೊಪೀಡಿಯಾ ಬ್ರೌನ್ ಅನ್ನೋ ಇನ್ನೊಬ್ಬ ಹುಡುಗ ಪತ್ತೇದಾರನ ಕಥೆ ಓದಿ, ಅಲ್ಲಿ ಆ ಹುಡುಗ ಗ್ಯಾರೇಜಲ್ಲಿ ಆಫೀಸ್ ಇಟ್ಕೊಂಡು ದಿನಕ್ಕೆ 25 ಸೆಂಟ್ಸ್ ಫೀಸು, ಖರ್ಚು ಬೇರೆ ಅಂತ ಬೋರ್ಡ್ ಹಾಕ್ಕೊಂಡಿರ್ತಾನೆ, ಬಂದೋರು ದುಡ್ಡಿಟ್ಟ ಮೇಲೇನೇ ಕೆಲಸ. ಅದೂ ಅಲ್ದೆ ಸ್ಲಡ್ಜ್ ನೇಟ್‌ನ ಅಸಿಸ್ಟೆಂಟು ಬೇರೆ, ತನ್ನ ಕೇಸು ತಾನೇ ನೋಡೋದು ಹೇಗೆ ಅಂತ ಇನ್ನೊಂದು ಪಾಯಿಂಟ್. ಮಧ್ಯಾಹ್ನ ಹುಡುಗನ್ನ ಕರ್ಕೊಂಡು ಹೋಗೋಕೆ ಅವರಪ್ಪ ಬಂದ್ರು, ಅವರೂ ಚಿಕ್ಕವರಿದ್ದಾಗ ಓದಿದ್ರಂತೆ, ಬಾಗಿಲಲ್ಲಿ ನಿಂತ್ಕೊಂಡೇ ವಾದಕ್ಕೆ ಇಳಿದ್ರು, ಒಂದೇ ಪುಸ್ತಕದಲ್ಲಿ ಎರಡು ಕೇಸ್ ಬಂದ್ರೆ ಒಂದರ ಬಾಲ ಇನ್ನೊಂದಕ್ಕೆ ಸಿಕ್ಕೇ ಸಿಗುತ್ತೆ ಅಂತ ಅವರ ಥಿಯರಿ. ಮಕ್ಕಳು ಅವರನ್ನ ನೋಡಿದ ರೀತಿ ನೋಡ್ಬೇಕಿತ್ತು, ಇಷ್ಟು ವರ್ಷ ಓದಿ ಇಷ್ಟೇನಾ ಕಂಡುಹಿಡಿದಿದ್ದು ಅನ್ನೋ ಹಾಗೆ.

ನಂಗೆ ಇಷ್ಟ ಆಗಿದ್ದು ಹುಡುಗ ಎತ್ತಿದ ಇನ್ನೊಂದು ಮಾತು. ಹೆಸರು ಹಾಕದೆ ಕೊಟ್ಟಿದ್ದಾರೆ ಅಂದ್ರೆ ಗೊತ್ತಾಗೋದು ಅವರಿಗೆ ಇಷ್ಟ ಇಲ್ಲ ತಾನೆ, ಮತ್ತೆ ಹುಡುಕೋದು ಸರೀನಾ ಅಂತ. ಅದಕ್ಕೆ ನನ್ನ ಮಗಳು, ಥ್ಯಾಂಕ್ಯೂ ಹೇಳೋಕೆ ಹುಡುಕಿದ್ರೆ ಸರಿ, ಬೇರೆದಕ್ಕೆ ತಪ್ಪು ಅಂದ್ಲು. ನಾನು ಚಪಾತಿ ಹಿಟ್ಟು ಕಲಸ್ತಾ ಕೇಳಿಸ್ಕೊಂಡೆ.

ಇವರ ಸ್ಕೂಲಲ್ಲಂತೂ ಈ ಥರದ ಮಿಸ್ಟರಿಗೆ ಅವಕಾಶಾನೇ ಇಲ್ಲ. ಇಲ್ಲಿ ಎಷ್ಟೋ ಸ್ಕೂಲಲ್ಲಿ ಇರೋ ಹಾಗೆ ವ್ಯಾಲೆಂಟೈನ್ ಕಾರ್ಡ್ ಕೊಟ್ರೆ ಕ್ಲಾಸಿನ ಎಲ್ಲರಿಗೂ ಕೊಡ್ಬೇಕು, ಇಲ್ಲಾಂದ್ರೆ ಯಾರಿಗೂ ಬೇಡ. ಟೀಚರ್ ಹೆಸರಿನ ಪಟ್ಟಿ ಕಳಿಸ್ತಾರೆ, ನಾವು ಡಬ್ಬಿಗಟ್ಟಲೆ ಕಾರ್ಡ್ ತರ್ತೀವಿ, ಮಗು ಮದುವೆ ಕಾಗದಕ್ಕೆ ಹೆಸರು ಬರೆಯೋ ಹಾಗೆ ಒಂದೊಂದೇ ಬರೆದು ಟಿಕ್ ಹಾಕ್ಕೊಂಡು ಹೋಗುತ್ತೆ. ಕೊನೆಕೊನೆಗೆ ಕೈ ನೋವು ಅಂತ ಅಳು. ಯಾರಿಗೂ ಬೇಜಾರಾಗಬಾರದು ಅನ್ನೋದು ಒಳ್ಳೇದೇ, ಆದ್ರೆ ಪ್ರೀತೀನ ಹೋಮ್‌ವರ್ಕ್ ಮಾಡಿಬಿಟ್ಟಿದ್ದಾರೆ ಅಂತ ನನ್ನ ಗೊಣಗಾಟ. ಇನ್ನೊಂದು ಮಜಾ ಏನು ಅಂದ್ರೆ ಈ ಕಾರ್ಡುಗಳನ್ನ ಅಮೆರಿಕದಲ್ಲಿ ದೊಡ್ಡ ವ್ಯಾಪಾರ ಮಾಡಿದ್ದೇ ನಾವಿರೋ ಕಡೆ, ವೂಸ್ಟರ್‌ನಲ್ಲಿ. ಎಸ್ತರ್ ಹೌಲೆಂಡ್ ಅಂತ, 1847ರಲ್ಲಿ ಕಾಲೇಜು ಮುಗಿಸಿದ ಹುಡುಗಿ, ಲೇಸು ಕಾಗದ ಎಲ್ಲ ಸೇರಿಸಿ ಕಾರ್ಡ್ ಮಾಡಿ ಸ್ಯಾಂಪಲ್‌ನ ಅಣ್ಣನ ಕೈಲಿ ಕಳಿಸಿದ್ಲಂತೆ, ಇನ್ನೂರು ಡಾಲರ್ ಆರ್ಡರ್ ಬಂದ್ರೆ ಸಾಕು ಅಂದ್ಕೊಂಡಿದ್ರೆ ಐದು ಸಾವಿರ ಡಾಲರ್‌ಗೂ ಮೇಲೆ ಬಂತಂತೆ. ಆಮೇಲೆ ಮನೇಲೇ ಹೆಂಗಸರನ್ನ ಸಾಲಾಗಿ ಕೂರಿಸಿ ಒಬ್ಬರು ಕತ್ತರಿಸೋದು ಒಬ್ಬರು ಅಂಟಿಸೋದು ಹೀಗೆ ಕಾರ್ಖಾನೆ ಥರ ನಡೆಸಿದ್ಲು, 1881ರಲ್ಲಿ ವ್ಯಾಪಾರ ಮಾರಿದ್ಲು. ಊರಿಗೆಲ್ಲ ಪ್ರೇಮಪತ್ರ ಮಾಡಿಕೊಟ್ಟವಳು ತಾನು ಮದುವೆ ಆಗಲೇ ಇಲ್ಲ.

ಸರಿ, ಅವತ್ತು ರಾತ್ರಿ ಮಲಗೋ ಹೊತ್ತಲ್ಲಿ ಮಗಳು ಕೇಳಿದ್ಲು, ಅಮ್ಮ ನಿಮ್ಮ ಸ್ಕೂಲಲ್ಲಿ ವ್ಯಾಲೆಂಟೈನ್ ಮಿಸ್ಟರಿ ಇತ್ತಾ?

ನಮ್ಮ ಕಾಲಕ್ಕೆ ನಮ್ಮೂರಿಗೆ ವ್ಯಾಲೆಂಟೈನ್ಸ್ ಡೇ ಅನ್ನೋದೇ ಬಂದಿರಲಿಲ್ಲ, ಬಂದಿದ್ದು ಪ್ರಿಪರೇಟರಿ ಪರೀಕ್ಷೆ. ಆದ್ರೆ ಮಿಸ್ಟರಿ ಇತ್ತು. ಹತ್ತನೇ ಕ್ಲಾಸು, ತಾಲೂಕು ಕೇಂದ್ರದ ಹೈಸ್ಕೂಲು, ಹುಡುಗರು ಒಂದು ಕಡೆ ಹುಡುಗೀರು ಒಂದು ಕಡೆ, ಮಧ್ಯ ಒಂದು ಓಣಿ, ಆ ಓಣಿ ದಾಟಿ ಯಾರಾದ್ರೂ ರಬ್ಬರ್ ಕೇಳಿದ್ರೂ ಸಂಜೆಯೊಳಗೆ ಇಬ್ಬರ ಹೆಸರೂ ಕಾಂಪೌಂಡ್ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿರ್ತಿತ್ತು. ಒಂದಿನ ಗಣಿತದ ಪೀರಿಯಡ್‌ನಲ್ಲಿ ನಮ್ಮ ಹಿಂದಿನ ಬೆಂಚಿನವಳ ಜಾಮಿಟ್ರಿ ಬಾಕ್ಸ್‌ನ ಪಕ್ಕದವಳು ಕೈವಾರ ತಗೋಳ್ಳೋಕೆ ತೆಗೆದ್ಲು, ಒಳಗೆ ಮಡಿಸಿದ ಕಾಗದ. ಪಕ್ಕದವಳು ಅಯ್ಯಮ್ಮಾ ಅಂದಿದ್ದು ಮೇಷ್ಟ್ರಿಗೆ ಕೇಳಿಸ್ತು. ಕ್ಲಾಸ್ ಲೀಡರ್ ಕೈಲಿ ಕಾಗದ ಹೆಡ್‌ಮಾಸ್ಟರ್ ರೂಮಿಗೆ ಹೋಯ್ತು.

ಆಮೇಲೆ ಶುರುವಾಯ್ತು ನೋಡಿ ಪತ್ತೇದಾರಿ, ನೇಟ್ ಏನೇನೂ ಅಲ್ಲ. ಹೆಡ್‌ಮಾಸ್ಟರು ಹುಡುಗರನ್ನೆಲ್ಲ ವರಾಂಡದಲ್ಲಿ ಕೂರಿಸಿ ಉಕ್ತಲೇಖನ ಕೊಟ್ರು, ಅಕ್ಷರ ತಾಳೆ ನೋಡೋಕೆ. ಅವರು ಕನ್ನಡ ಮೇಷ್ಟ್ರು, ಯಾರ ಳ-ಕಾರದ ಬಾಲ ಎತ್ತ ತಿರುಗುತ್ತೆ ಅಂತ ಅವರಿಗೆ ಗೊತ್ತಿತ್ತು, ಆ ವಿಷಯದಲ್ಲಿ ಈಗಲೂ ನಂಗೆ ಅವರ ಬಗ್ಗೆ ಹೆಮ್ಮೆ, ಇಲ್ಲಿ ಮಕ್ಕಳ ಅಕ್ಷರ ನೋಡಿದ್ರೆ ಎಲ್ಲಾರದ್ದೂ ಒಂದೇ ಥರ ಪ್ರಿಂಟ್ ಹೊಡೆದ ಹಾಗಿರುತ್ತೆ. ಆದ್ರೆ ಉಕ್ತಲೇಖನ ಮುಗಿಯೋ ಅಷ್ಟರಲ್ಲಿ ಶಾಲೆಗೆಲ್ಲ ಒಂದು ಸುದ್ದಿ ಹಬ್ಬಿತ್ತು, ಕಾಗದ ಬರೆದಿರೋದು ಹಸಿರು ಇಂಕಲ್ಲಿ ಅಂತ.

ಹಸಿರು ಇಂಕಾ, ಸೋ ವಾಟ್, ಅಂದ್ಲು ಮಗಳು. ಅವಳಿಗೆ ಅದೇನು ಗೊತ್ತು. ಹಸಿರು ಇಂಕಲ್ಲಿ ಸೈನ್ ಹಾಕೋದು ಗೆಜೆಟೆಡ್ ಆಫೀಸರ್‌ಗಳು, ನಮಗೆಲ್ಲ ಕ್ಯಾಸ್ಟ್ ಸರ್ಟಿಫಿಕೇಟು ಅಟೆಸ್ಟೇಶನ್ನು ಅಂತ ಅಲೆದು ಅಲೆದು ಆ ಬಣ್ಣ ಕಂಡ್ರೇನೇ ಎದ್ದು ನಿಲ್ಲೋ ಅಭ್ಯಾಸ. ನಮ್ಮ ಕ್ಲಾಸಲ್ಲಿ ಆಫೀಸರ್ ಮಗ ಅಂತ ಇದ್ದವನು ಒಬ್ಬನೇ. ಮಗಳು ಹಾಸಿಗೆ ಮೇಲೆ ಎದ್ದು ಕೂತ್ಲು, ದಟ್ಸ್ ಅ ಕ್ಲೂ! ಅಂತ. ಹೌದಮ್ಮ, ಕ್ಲೂನೇ, ಅದಕ್ಕೇ ಅವತ್ತು ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ವಿಚಾರಣೆ ನಿಂತುಹೋಯ್ತು. ಹುಡುಗರನ್ನೆಲ್ಲ ಕ್ಲಾಸಿಗೆ ಕಳಿಸಿದ್ರು. ಅವನೇ ಬರೆದಿದ್ನೋ, ಅವರಪ್ಪನ ಪೆನ್ನು ಬೇರೆ ಯಾರ ಕೈಗೋ ಸಿಕ್ಕಿತ್ತೋ, ಯಾರೂ ಕೇಳಲಿಲ್ಲ.

ನಿಲ್ಲದೇ ಇದ್ದಿದ್ದು ಆ ಹಿಂದಿನ ಬೆಂಚಿನವಳದೊಂದೇ. ಅವಳಪ್ಪನಿಗೆ ಹೇಳಿ ಕಳಿಸಿದ್ರು, ಪೇಟೆ ಬೀದೀಲಿ ಹಿಟ್ಟಿನ ಗಿರಣಿ ಇಟ್ಟಿದ್ರು ಆಯಪ್ಪ, ಕೆಲಸ ಬಿಟ್ಟು ಹಾಗೇ ಬಂದಿದ್ರು, ಮೊಣಕೈ ತನಕ ರಾಗಿ ಹಿಟ್ಟು, ರೆಪ್ಪೆ ಮೇಲೂ ಹಿಟ್ಟು, ಹೆಡ್‌ಮಾಸ್ಟರ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ್ರು. ಹೊರಗೆ ಬಂದಾಗ ಯಾರ ಮುಖಾನೂ ನೋಡಲಿಲ್ಲ. ಸೈಕಲ್ ಹಿಂದೆ ಅವಳನ್ನ ಕೂರಿಸ್ಕೊಂಡು ಹೊರಟ್ರು, ಅವಳ ಬ್ಯಾಗನ್ನ ಹ್ಯಾಂಡಲ್‌ಗೆ ನೇತು ಹಾಕಿದ್ರು. ಆಮೇಲೆ ಅವಳು ಬಂದಿದ್ದು ಪಬ್ಲಿಕ್ ಪರೀಕ್ಷೆಗೆ ಮಾತ್ರ, ಅವಳು ಬರೆಯೋ ಅಷ್ಟೂ ಹೊತ್ತು ಅವರಪ್ಪ ಗೇಟಿನ ಹತ್ರ ಹುಣಸೆ ಮರದ ಕೆಳಗೆ ಕೂತಿರ್ತಿದ್ರು. ಫಸ್ಟ್ ಕ್ಲಾಸ್ ಬಂತು. ಕಾಲೇಜಿಗೆ ಸೇರಿಸಲಿಲ್ಲ, ಮದುವೆ ಮಾಡಿದ್ರು. ಉಳಿದ ಹುಡುಗೀರಿಗೆ, ಅಂದ್ರೆ ನಮಗೆ, ದಿನಾ ಬೆಳಿಗ್ಗೆ ಜಾಮಿಟ್ರಿ ಬಾಕ್ಸ್ ತೆಗೆದು ತೋರ್ಸಿ ಕ್ಲಾಸೊಳಗೆ ಹೋಗೋ ರೂಲ್ ಬಂತು. ಹುಡುಗರಿಗೆ ಇಲ್ಲ, ನಮಗೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಲು. ಹಾಗಾದ್ರೆ ಕ್ಲೈಂಟ್ ಯಾರು?

ಅಂದ್ರೆ?

ಅವಳು ಹುಡುಕಿ ಅಂತ ಕೇಳಿದ್ಲಾ?

ಇಲ್ಲ.

ಬರೆದವನು ಕೇಳಿದ್ನಾ? ಅವರಪ್ಪ ಕೇಳಿದ್ರಾ? ಅವರಿಗೆ ಗೊತ್ತೇ ಇರಲಿಲ್ಲ. ಮತ್ತೆ ಪ್ರಿನ್ಸಿಪಾಲ್ ಯಾಕೆ ಕೇಸ್ ತಗೊಂಡ್ರು?

ಏನು ಹೇಳೋದು. ಮರ್ಯಾದೆ, ಶಿಸ್ತು, ಊರು ಏನನ್ನುತ್ತೆ, ಇದನ್ನೆಲ್ಲ ಎಂಟು ವರ್ಷದವಳಿಗೆ ಬಿಡಿಸಿ ಹೇಳೋಕೆ ಹೊರಟೆ, ನನ್ನ ಬಾಯಲ್ಲೇ ಅದು ಸುಳ್ಳು ಸುಳ್ಳಾಗಿ ಕೇಳಿಸ್ತು. ಅವಳು ಅಷ್ಟಕ್ಕೆ ಬಿಡಲಿಲ್ಲ. ಕೊನೆಗೆ ಲೆಟರ್ ಅವಳಿಗೆ ಕೊಟ್ರಾ ಅಂದ್ಲು. ಕೊಡಲಿಲ್ಲ ಅಂದೆ. ಅವಳು ಓದಿದ್ಲಾದ್ರೂ? ಇಲ್ಲ, ಬಾಕ್ಸ್ ತೆಗೆದಿದ್ದೇ ಪಕ್ಕದವಳು. ಅಂದ್ರೆ ಎಲ್ರೂ ಓದಿದ್ರು, ಅವಳೊಬ್ಬಳನ್ನ ಬಿಟ್ಟು? ಬಟ್ ಇಟ್ ವಾಸ್ ಹರ್ಸ್, ಅಮ್ಮ!

ನಂಗೆ ಇಷ್ಟು ವರ್ಷದಲ್ಲಿ ಇದು ಹೊಳೆದೇ ಇರಲಿಲ್ಲ. ಯಾರು ಬರೆದ್ರು ಅನ್ನೋದನ್ನ ಸಾವಿರ ಸಲ ಯೋಚನೆ ಮಾಡಿದೀವಿ. ಅದು ಒಬ್ಬಳ ಸ್ವತ್ತು ಅಂತ ಯಾರೂ ಅಂದ್ಕೊಂಡಿಲ್ಲ.

ನಮ್ಮ ಕಡೆ ಈ ಥರದ ಪತ್ತೇದಾರಿಗೆ ಯಾವತ್ತೂ ಜನ ಕಮ್ಮಿ ಇಲ್ಲ ಬಿಡಿ. ನಾನು ಬೆಂಗಳೂರಲ್ಲಿ ಪಿಜಿನಲ್ಲಿದ್ದಾಗ, 2009ರ ಜನವರಿಯಲ್ಲಿ, ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗೀರನ್ನ ಹೊಡೆದ್ರಲ್ಲ, ಆಮೇಲೆ ವ್ಯಾಲೆಂಟೈನ್ಸ್ ಡೇ ದಿನ ಜೋಡಿ ಸಿಕ್ಕಿದ್ರೆ ಮದುವೆ ಮಾಡಿಸ್ತೀವಿ ಅಂತ ಬೆದರಿಕೆ ಬೇರೆ, ಅದಕ್ಕೆ ದೇಶದ ಹುಡುಗೀರು ಪಿಂಕ್ ಚಡ್ಡಿ ಅವರಿಗೇ ಪೋಸ್ಟಲ್ಲಿ ಕಳಿಸಿ ಉತ್ತರ ಕೊಟ್ಟಿದ್ರು. ಆ ಹೊಡೆತ ನಡೆದಿದ್ದು ಟೀವಿ ಕ್ಯಾಮೆರಾ ಮುಂದೆ. ಕೂದಲು ಹಿಡಿದು ಎಳೆದಿದ್ದನ್ನ ನಾವೆಲ್ಲ ನೋಡಿದೀವಿ. 2018ರಲ್ಲಿ ಮಂಗಳೂರು ಕೋರ್ಟಲ್ಲಿ ಆರೋಪಿಗಳು ಖುಲಾಸೆ ಆದ್ರು. ಹುಡುಗಿ ಜಾಮಿಟ್ರಿ ಬಾಕ್ಸಲ್ಲಿರೋ ಕಾಗದಕ್ಕೆ ಅಕ್ಷರ ಅಕ್ಷರ ತಾಳೆ ನೋಡ್ತೀವಿ, ಇಂಥದ್ದಕ್ಕೆ ಸಾಕ್ಷಿ ಸಾಲಲ್ಲ. ಮಗಳಿಗೆ ಇದನ್ನ ಹೇಳಲಿಲ್ಲ, ಹೇಳಿದ್ರೆ ಅವಳ ಪ್ರಶ್ನೆಗಳಿಗೆ ನನ್ನ ಹತ್ರ ರಾತ್ರಿ ಸಾಲ್ತಿರಲಿಲ್ಲ.

ಮಾರನೇ ದಿನ ನಮ್ಮ ಹತ್ತನೇ ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ ಈ ವಿಷಯ ತೆಗೆದೆ, ಹಸಿರು ಇಂಕು ನೆನಪಿದ್ಯಾ ಅಂತ. ಅಬ್ಬಾ, ಮೆಸೇಜ್ ಮೇಲೆ ಮೆಸೇಜ್. ಎಲ್ಲರಿಗೂ ಒಂದೊಂದು ಥಿಯರಿ. ಆಫೀಸರ್ ಮಗನೇ ಅಂತ ಒಬ್ಬ, ಅಲ್ಲ ಅವನ ಜೊತೆ ಟ್ಯೂಷನ್‌ಗೆ ಹೋಗ್ತಿದ್ದವನು ಪೆನ್ನು ಕದ್ದು ಬರೆದಿದ್ದು ಅಂತ ಇನ್ನೊಬ್ಬ, ಅವಳೇ ಬರೆದುಕೊಂಡಿದ್ಲು ಕಣ್ರೋ ಅಂತ ಮತ್ತೊಬ್ಬ, ಅದಕ್ಕೆ ಕಣ್ಣೀರು ಬರೋ ಹಾಗೆ ನಗೋ ಎಮೋಜಿ ಸಾಲು ಸಾಲು. ನಮ್ಮ ಹುಡುಗೀರೂ ನಕ್ಕರು. ಅವಳು ಆ ಗ್ರೂಪಲ್ಲಿ ಇಲ್ಲ, ಯಾರೂ ಸೇರಿಸಿಲ್ಲ.

ನಾನು ಕೇಳಿದೆ, ಅದೆಲ್ಲ ಇರ್ಲಿ, ಆ ಲೆಟರ್ ಕೊನೆಗೆ ಏನಾಯ್ತು, ಅವಳಿಗೆ ಅದರಲ್ಲಿ ಏನಿತ್ತು ಅಂತಾದ್ರೂ ಯಾರಾದ್ರೂ ಹೇಳಿದ್ರಾ?

ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಆಮೇಲೆ ಎಮೋಜಿ ಹಾಕಿದ ಮಹಾಶಯನೇ ಬರೆದ, ಹಳೇದೆಲ್ಲ ಯಾಕೆ ಕೆದಕ್ತೀಯಾ ಮಾರಾಯ್ತಿ, ಪಾಪ ಅವಳದೊಂದು ಸಂಸಾರ ಇದೆ, ಅವಳ ಮರ್ಯಾದೆ ಪ್ರಶ್ನೆ. ಇನ್ನೊಬ್ಬಳು ಅಡ್ವಾನ್ಸ್ಡ್ ಶಿವರಾತ್ರಿ ಶುಭಾಶಯ ಹಾಕಿದ್ಲು. ಅಮೆರಿಕಕ್ಕೆ ಹೋದೋರಿಗೆ ಇಲ್ಲಿನದೆಲ್ಲ ತಪ್ಪಾಗೇ ಕಾಣುತ್ತೆ ಅಂತ ಒಂದು ಮಾತೂ ಬಂತು. ಬರಲಿ.

ರಾತ್ರಿ ಕ್ಲಾಸ್ ಲೀಡರ್ ಪರ್ಸನಲ್ ಆಗಿ ಮೆಸೇಜ್ ಮಾಡಿದ. ಕಾಗದ ಹೆಡ್‌ಮಾಸ್ಟರ್ ರೂಮಿಗೆ ತಗೊಂಡು ಹೋಗುವಾಗ ಮೆಟ್ಟಿಲ ಹತ್ರ ಬಿಡಿಸಿ ಓದಿದ್ನಂತೆ. ಉದ್ದ ಏನಿರಲಿಲ್ಲ ಕಣೆ, ನಾಲ್ಕು ಸಾಲು, ಎರಡು ಸಾಲು ಈಗಲೂ ಬಾಯಿಗೆ ಬರುತ್ತೆ ಅಂತ ಟೈಪ್ ಮಾಡಿ ಕಳಿಸಿದ. ನೀವೆಲ್ಲ ಅಂದ್ಕೊಂಡಿರೋ ಥರದ್ದಲ್ಲ, ಅಷ್ಟು ಮಾತ್ರ ಹೇಳ್ತೀನಿ. ಏನು ಅಂತ ನನ್ನ ಮಗಳಿಗೂ ಹೇಳಿಲ್ಲ, ಅವಳೂ ಕೇಳಲಿಲ್ಲ, ಫಸ್ಟ್ ಅವಳಿಗೆ ಹೇಳು ಅಂದ್ಲು. ಆ ಹಿಂದಿನ ಬೆಂಚಿನವಳ ತಂಗಿ ತಿಪಟೂರಲ್ಲಿ ಇದ್ದಾಳಂತೆ, ಅವಳ ಮೂಲಕ ನಂಬರ್ ತರಿಸ್ತಾ ಇದೀನಿ, ಇಲ್ಲಿ ರಾತ್ರಿ ಒಂಬತ್ತೂವರೆ ಅಂದ್ರೆ ಅಲ್ಲಿ ಬೆಳಿಗ್ಗೆ ಎಂಟು, ಮನೆ ಮಂದಿ ಎಲ್ಲ ಇರೋ ಹೊತ್ತು, ಮಧ್ಯಾಹ್ನ ಒಬ್ಬಳೇ ಇದ್ದಾಗ ಮಾತಾಡ್ಬೇಕು ಅಂದ್ರೆ ನಾನು ಅಲಾರಂ ಇಟ್ಕೊಂಡು ಬೆಳಗಿನ ಜಾವ ಮೂರಕ್ಕೆ ಏಳ್ಬೇಕು.