ಯಾವ ಫೈಲ್ ಹಳೇದು?

ಸರ್ವರ್‌ನ ಡಿಸ್ಕ್ ಪದೇ ಪದೇ ತುಂಬುತ್ತಿತ್ತು. ತುಂಬಿದಾಗಲೆಲ್ಲ ಯಾರಾದರೂ ಕೂತು ಒಂದೊಂದೇ ಫೈಲ್ ಅಳಿಸಬೇಕು. ಹಳೇ ಫೈಲ್‌ಗಳನ್ನು ತಾನಾಗೇ ಅಳಿಸುವ ಒಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದೇ ಬಿಡೋಣ ಅಂತ ಒಂದು ಮಧ್ಯಾಹ್ನ ಕೂತೆ.

ಎಲ್ಲಕ್ಕೂ ಒಂದೇ ಗಡುವು ಇಡಲು ನನಗೆ ಮನಸ್ಸಿರಲಿಲ್ಲ. ಟೆಂಪ್ (ತಾತ್ಕಾಲಿಕ) ಫೈಲ್‌ಗಳಿಗೆ 7 ದಿನ ಜಾಸ್ತಿಯೇ ಆಯಿತು. ಪ್ರೋಗ್ರಾಂಗಳು ತಾವು ಮಾಡಿದ್ದನ್ನು ಬರೆದಿಡುವ ಲಾಗ್‌ಗಳಿಗೆ 30 ದಿನ, ಜಿಪ್ ಮಾಡಿಟ್ಟ ಬ್ಯಾಕಪ್‌ಗಳಿಗೆ 90. ರಿಪೋರ್ಟ್‌ಗಳನ್ನು ಮುಟ್ಟುವುದೇ ಬೇಡ.

ಲಿನಕ್ಸ್‌ನಲ್ಲಿ ಇದಕ್ಕೆ ಫೈಲ್ ಹುಡುಕುವ ಫೈಂಡ್ ಕಮಾಂಡ್ ಸಾಕು. ಅದು ಪೂರ್ತಿ 24 ಗಂಟೆಗಳನ್ನಷ್ಟೇ ಒಂದು ದಿನ ಅಂತ ಎಣಿಸುತ್ತದೆ. ಹಾಗಾಗಿ +30 ಅಂತ ಕೊಟ್ಟರೆ 31 ದಿನ ತುಂಬಿದ ಫೈಲ್‌ಗಳು ಮಾತ್ರ ಸಿಗುತ್ತವೆ. ಡಿಲೀಟ್ ಅನ್ನುವುದು ಸಾಲಿನ ಕೊನೆಯಲ್ಲೇ ಇರಬೇಕು. ಫೈಂಡ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ. ಷರತ್ತುಗಳಿಗಿಂತ ಮೊದಲೇ ಡಿಲೀಟ್ ಸಿಕ್ಕರೆ ಫೋಲ್ಡರ್‌ನಲ್ಲಿ ಏನೂ ಉಳಿಯುವುದಿಲ್ಲ. ಇಲ್ಲಿ ರೀಸೈಕಲ್ ಬಿನ್ ಕೂಡ ಇಲ್ಲ.

ಅದಕ್ಕೇ ಮೊದಲು ಡಿಲೀಟ್ ಜಾಗದಲ್ಲಿ ಹೆಸರಷ್ಟೇ ತೋರಿಸುವ ಪ್ರಿಂಟ್ ಹಾಕಿ, ಬಂದ ಪಟ್ಟಿಯನ್ನು ಸಾಲು ಸಾಲಾಗಿ ಓದಿದೆ. ಹಾಗೆ ಓದಿದ್ದೇ ಒಳ್ಳೆಯದಾಯಿತು. ಸಹೋದ್ಯೋಗಿಯೊಬ್ಬರು ಹಿಂದಿನ ದಿನವಷ್ಟೇ ಹಳೇ ಟಾರ್ ಫೈಲ್ (ಹಲವು ಫೈಲ್‌ಗಳನ್ನು ಒಂದರಲ್ಲೇ ಕಟ್ಟಿಟ್ಟ ಗಂಟು) ಬಿಚ್ಚಿ ಹಾಕಿದ್ದ ಲಾಗ್‌ಗಳೂ ಅದರಲ್ಲಿದ್ದವು. ಒಂದು ದೋಷದ ಮೂಲ ಹುಡುಕಲು ಅವರಿಗೆ ಅವು ಬೇಕಿದ್ದವು. ಟಾರ್ ಬಿಚ್ಚಿದಾಗ ಫೈಲ್‌ಗಳು ತಮ್ಮ ಹಳೇ ತಾರೀಕನ್ನೇ ಹೊತ್ತು ಬರುತ್ತವೆ. ನಾನು ನೋಡುತ್ತಿದ್ದ ಎಂಟೈಮ್ ಅದೇ, ಅಂದರೆ ಒಳಗಿನ ಬರಹ ಕೊನೆಯ ಸಲ ಬದಲಾದ ಸಮಯ. ಎಂಟೈಮ್ ಬಿಟ್ಟು ಸಿಟೈಮ್ ಹಿಡಿದೆ. ಫೈಲ್ ಈ ಡಿಸ್ಕಿಗೆ ಬಂದಾಗ ಸಿಟೈಮ್ ಹೊಸದಾಗುತ್ತದೆ. ಹೆಸರೋ ಪರ್ಮಿಷನ್ನೋ ಬದಲಿಸಿದರೂ ಹೊಸದಾಗುತ್ತದೆ, ಹಾಗಾಗಿ ಕೆಲವು ಫೈಲ್‌ಗಳು ಗಡುವು ದಾಟಿಯೂ ಉಳಿದುಕೊಳ್ಳುತ್ತವೆ. ಉಳಿಯಲಿ ಬಿಡಿ, ತಡವಾಗಿ ಅಳಿಸಿದರೆ ಯಾರ ಕೆಲಸವೂ ಕೆಡುವುದಿಲ್ಲ ಅಲ್ವಾ? ನಮ್ಮ ಲಾಗ್‌ಗಳ ಹೆಸರಲ್ಲೇ ತಾರೀಕು ಇರುವುದರಿಂದ ಅವುಗಳ ಹೆಸರು ದಿನಾ ಬದಲಾಗುವುದೂ ಇಲ್ಲ.

ಹೊಸ ಪಟ್ಟಿಯನ್ನು ಆ ಸಹೋದ್ಯೋಗಿಗೂ ತೋರಿಸಿ, ಒಪ್ಪಿಗೆ ಪಡೆದು ಡಿಲೀಟ್ ಓಡಿಸಿದೆ. ಫೈಲ್‌ಗಳು ಹೋದವು, ಆದರೆ ಡಿಸ್ಕ್‌ನಲ್ಲಿ ಖಾಲಿ ಜಾಗ ಅಷ್ಟಕ್ಕಷ್ಟೇ. ಒಂದು ಸರ್ವಿಸ್ ತನ್ನ ಹಳೇ ಲಾಗ್‌ಗಳನ್ನು ಇನ್ನೂ ತೆರೆದೇ ಇಟ್ಟುಕೊಂಡಿತ್ತು. ಹೆಸರು ಅಳಿಸಿದರೂ, ತೆರೆದವರು ಮುಚ್ಚುವವರೆಗೆ ಲಿನಕ್ಸ್ ಆ ಜಾಗ ಬಿಟ್ಟುಕೊಡುವುದಿಲ್ಲ. ಸರ್ವಿಸ್ ರೀಸ್ಟಾರ್ಟ್ ಮಾಡಿದ ಮೇಲೆ ಜಾಗ ಸಿಕ್ಕಿತು.

ಈಗ ಗೊತ್ತುಮಾಡಿದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ದಿನಾ ರಾತ್ರಿ ಸ್ಕ್ರಿಪ್ಟ್ ಓಡಿಸುತ್ತದೆ. ಅಳಿಸುವ ಪ್ರತಿ ಫೈಲ್‌ನ ಹೆಸರು ಮೊದಲು ಒಂದು ಪಟ್ಟಿಗೆ ಸೇರುತ್ತದೆ. ಆ ಪಟ್ಟಿಗೆ ಮಾತ್ರ ನಾನು ಯಾವ ಗಡುವನ್ನೂ ಇಟ್ಟಿಲ್ಲ.