ಅವರಿಗೆ ಗತಿ ಹೆಂಗಪ್ಪಾ?

ವೈಕುಂಠದಿಂದ ವಾಪಸ್ ಬರುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಪುಣೆ ಗೊತ್ತಿಲ್ಲದವರಿಗೆ ಹೇಳಬೇಕು, ಇಲ್ಲಿ ವೈಕುಂಠ ಅಂದರೆ ನವಿ ಪೇಠೆಯ ಸ್ಮಶಾನ. ಅದರ ಹೆಸರೇ ಅದು. ಮೂರು ಹೊತ್ತು ಪೂಜೆ ಮಾಡಿದವರನ್ನೂ, ಒಮ್ಮೆಯೂ ಗುಡಿಯ ಮೆಟ್ಟಿಲು ಹತ್ತದವರನ್ನೂ ಅಲ್ಲಿಗೇ ಒಯ್ಯುತ್ತಾರೆ.

ನಾನು ಧಾರವಾಡದ ಕಡೆಯವನು. ಪುಣೆಗೆ ಬಂದು ಮೂವತ್ತು ವರ್ಷ ದಾಟಿದೆ. ಪರಿಚಯದ ಕನ್ನಡದವರ ಮನೆಯಲ್ಲಿ ಸಾವಾದರೆ ನನಗೆ ಫೋನ್ ಬರುತ್ತದೆ. ಡಾಕ್ಟರ ಸರ್ಟಿಫಿಕೇಟು, ಪಾಲಿಕೆಯ ಪಾಸು, ಗಾಡಿ, ಹತ್ತನೇ ದಿನಕ್ಕೆ ಭಟ್ಟರು, ಎಲ್ಲ ಎಲ್ಲೆಲ್ಲಿ ಅಂತ ನನಗೆ ಗೊತ್ತು. ಮರಾಠಿಯೂ ಸರಾಗ. ಹಾಗಾಗಿ ಆ ಪ್ರಶ್ನೆಯೂ ನನ್ನ ಹತ್ತಿರವೇ ಬರುತ್ತದೆ. ಸತ್ತ ಮೇಲೆ ಕೈಹಿಡಿಯುವುದು ಮಾಡಿದ ಒಳ್ಳೆಯ ಕೆಲಸವೋ, ದೇವರ ಮೇಲೆ ಇಟ್ಟ ನಂಬಿಕೆಯೋ?

ನಾನು ಶಾಸ್ತ್ರ ಓದಿದವನಲ್ಲ. ದೇವರನ್ನು ನಂಬುತ್ತೇನೆ, ಬೆಳಿಗ್ಗೆ ದೀಪ ಹಚ್ಚುತ್ತೇನೆ. ಆದರೂ ನನ್ನ ಉತ್ತರ ‘ಮಾಡಿದ ಕೆಲಸ’ ಅಂತಲೇ. ಈ ಉತ್ತರಕ್ಕೆ ಬರಲು ನನಗೆ ವರ್ಷಗಳೇ ಬೇಕಾದವು. ಒಂದು ಕಡೆ ಅದು ಸಾಲದೆಯೂ ಹೋಯಿತು. ಅದನ್ನೂ ಹೇಳುತ್ತೇನೆ.

ಎಲ್ಲ ಶುರುವಾಗಿದ್ದು ನಮ್ಮ ಕಾಕಾನಿಂದ. ಪಿಂಪ್ರಿಯ ಕಾರ್ಖಾನೆಯಲ್ಲಿ ಲೇತ್ ಮಷಿನ್ ಮೇಲೆ ದುಡಿದವರು. ದೇವರಿಲ್ಲ ಅಂತ ಯಾರ ಜೊತೆಗೂ ವಾದ ಮಾಡಿದವರಲ್ಲ. ಆದರೆ ಕೈ ಮಾತ್ರ ಮುಗಿಯುತ್ತಿರಲಿಲ್ಲ. ಪ್ರತಿ ಭಾನುವಾರ ವಾಕಡ್ ಕಡೆ ಹೋಗುತ್ತಿದ್ದರು. ಅಲ್ಲಿ ಕಟ್ಟಡದ ಕೆಲಸಕ್ಕೆ ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಜನ ತಗಡಿನ ಶೆಡ್‌ಗಳಲ್ಲಿ ಇರುತ್ತಾರೆ. ಅವರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಪಾಟಿಯ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ. ‘ಇವು ಸೇರೋದು ಮರಾಠಿ ಸಾಲಿಗೆ, ಮನೆಗೆ ಹೋಗಿ ಮಾತಾಡೋದು ಕನ್ನಡ, ಎರಡೂ ಬೇಕು’ ಅನ್ನುತ್ತಿದ್ದರು. ಒಂದು ಕಟ್ಟಡ ಮುಗಿದರೆ ಮಕ್ಕಳು ಇನ್ನೊಂದು ಕಡೆ ಹೋಗುತ್ತವೆ. ಕಾಕಾ ಎರಡು ಬಸ್ಸು ಬದಲಿಸಿ ಅಲ್ಲಿಗೂ ಹೋಗುತ್ತಿದ್ದರು. ಹದಿನಾರು ವರ್ಷ ಹೀಗೇ ನಡೆಯಿತು.

ಕಾಕಾ ತೀರಿಕೊಂಡದ್ದು ಒಂದು ಮಳೆಗಾಲದ ರಾತ್ರಿ. ಕಣ್ಣು ದಾನ ಮಾಡಬೇಕು ಅಂತ ಮೊದಲೇ ಬರೆದಿಟ್ಟಿದ್ದರು. ಅದು ಆರು ಗಂಟೆಯೊಳಗೆ ಆಗಬೇಕು. ಬಂಧುಗಳಲ್ಲಿ ಒಬ್ಬರು, ‘ಕಣ್ಣು ಕೊಟ್ಟರೆ ಮುಂದಿನ ಜನ್ಮಕ್ಕೆ ಕುರುಡನಾಗಿ ಹುಟ್ಟುತ್ತಾನೆ’ ಅಂದುಬಿಟ್ಟರು. ಕಾಕಾನ ಹೆಂಡತಿ, ನಮ್ಮ ಕಾಕು, ಅದನ್ನು ಕೇಳಿಸಿಕೊಂಡರು. ಕೈ ನಡುಗುತ್ತಿತ್ತು. ಆದರೂ ಸಹಿ ಮಾಡಿದರು.

ಹತ್ತನೇ ದಿನ ಓಂಕಾರೇಶ್ವರದ ಘಾಟಿಗೆ ಹೋದೆವು. ಮುಠಾ ನದಿಯ ದಂಡೆ, ಪೇಶ್ವೆಗಳ ಕಾಲದ ಗುಡಿ. ಪಿಂಡ ಇಟ್ಟು ಕಾಗೆಗಾಗಿ ಕಾಯುವ ಪದ್ಧತಿ ನಮ್ಮಲ್ಲಿದ್ದ ಹಾಗೆ ಇಲ್ಲಿನವರಲ್ಲೂ ಇದೆ. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಅಂತ. ಅವತ್ತು ಗೋಡೆಯ ಮೇಲೆ ಕಾಗೆಗಳಿದ್ದವು. ಒಂದೂ ಕೆಳಗೆ ಇಳಿಯಲಿಲ್ಲ. ಕಾಕಾನ ಮಗ ಕೈಮುಗಿದು, ‘ಅವ್ವನ್ನ ನಾನು ನೋಡ್ಕೋತೀನಿ’ ಅಂದ. ಕಾಯ್ದೆವು. ‘ಕಾಕಾ, ಪಾಟಿ ಪುಸ್ತಕದ ಖರ್ಚು ನಾವು ಕೊಡ್ತೀವಿ’ ಅಂತ ನಾನಂದೆ. ಮತ್ತೂ ಕಾಯ್ದೆವು. ಕೊನೆಗೆ ಭಟ್ಟರು ದರ್ಭೆಯಲ್ಲಿ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರು. ಅದಕ್ಕೆ ಅವಕಾಶ ಇದೆ, ದಿನಾ ಎಷ್ಟೋ ಜನರಿಗೆ ಹೀಗಾಗುತ್ತದೆ ಅಂತ ಸಮಾಧಾನ ಹೇಳಿದರು. ಕಾಕುವಿಗೆ ಸಮಾಧಾನ ಆಗಲಿಲ್ಲ. ರಿಕ್ಷಾದಲ್ಲಿ ನನ್ನ ಕೈ ಹಿಡಿದು ಕೇಳಿದರು: ‘ದೇವರಿಗೆ ಒಂದು ದಿನ ಕೈ ಮುಗೀಲಿಲ್ಲ. ಅವರಿಗೆ ಗತಿ ಹೆಂಗಪ್ಪಾ?’

ಕಾಕುವಿನ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮದು ಮಾಧ್ವರ ಮನೆ. ಹರಿಯೇ ಸರ್ವೋತ್ತಮ ಅಂತ ತಿಳಿಯಬೇಕು, ಭಕ್ತಿ ಬೇಕು, ಅವನ ಪ್ರಸಾದ ಆಗಬೇಕು. ಆಗಲೇ ಮೋಕ್ಷ. ಬರೀ ಒಳ್ಳೆಯತನ ಅಷ್ಟು ದೂರ ಒಯ್ಯುವುದಿಲ್ಲ. ಚಿಕ್ಕಂದಿನಿಂದ ಕೇಳಿದ್ದು ಅದನ್ನೇ. ಬಂದವರೆಲ್ಲ ಭಾಗವತದ ಅಜಾಮಿಳನ ಕಥೆ ಬೇರೆ ಹೇಳಿದರು. ದಾರಿ ತಪ್ಪಿ ವರ್ಷಗಟ್ಟಲೆ ಕೆಟ್ಟದ್ದು ಮಾಡಿದವನು ಸಾಯುವಾಗ ಮಗನನ್ನು ‘ನಾರಾಯಣಾ’ ಅಂತ ಕರೆದ. ಅಷ್ಟಕ್ಕೇ ಯಮದೂತರ ಕೈಯಿಂದ ಬಿಡುಗಡೆಯಾಯಿತು. ಅದನ್ನು ಕೇಳಿ ಕಾಕು ಇನ್ನೂ ಕುಗ್ಗಿದರು. ಕಾಕಾನ ಕೊನೆಯ ಮಾತು ನಾರಾಯಣ ಅಲ್ಲ. ‘ಹುಡುಗರಿಗೆ ನೋಟ್‌ಬುಕ್ ತಂದ್ಯಾ?’ ಅಂತ ನನ್ನನ್ನು ಕೇಳಿದ್ದು.

ಆಮೇಲೆ ನಾನು ಸಿಕ್ಕವರನ್ನೆಲ್ಲ ಕೇಳತೊಡಗಿದೆ. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಕಾಕಾನ ಹಳೆಯ ಪಾರ್ಸಿ ಗೆಳೆಯರೊಬ್ಬರಿದ್ದಾರೆ. ಅವರ ಧರ್ಮದಲ್ಲಿ ಸತ್ತವನ ಆತ್ಮ ಮೂರು ರಾತ್ರಿ ಇಲ್ಲೇ ಇರುತ್ತದಂತೆ. ನಾಲ್ಕನೇ ದಿನ ಬೆಳಕು ಹರಿಯುವಾಗ ಚಿನ್ವತ್ ಎಂಬ ಸೇತುವೆಗೆ ಬರುತ್ತದೆ. ಅಲ್ಲಿ ಎದುರಿಗೆ ಬರುವುದು ಅವನ ಸ್ವಂತ ಅಂತಃಸಾಕ್ಷಿ. ಒಳ್ಳೆಯದನ್ನು ಯೋಚಿಸಿ, ಆಡಿ, ಮಾಡಿದ್ದರೆ ಚೆಲುವಾದ ಹುಡುಗಿಯ ರೂಪದಲ್ಲಿ. ಕೆಟ್ಟದ್ದು ಮಾಡಿದ್ದರೆ ನೋಡಲಾಗದ ರೂಪದಲ್ಲಿ. ಒಳ್ಳೆಯವನಿಗೆ ಸೇತುವೆ ಅಗಲವಾಗುತ್ತದೆ, ಕೆಟ್ಟವನಿಗೆ ಅಲಗಿನಷ್ಟು ಕಿರಿದಾಗುತ್ತದೆ. ಕಾಕಾ ಅದನ್ನು ದಾಟುವುದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ನೋಡಿದ್ದೇನೆ.

ನಮ್ಮ ಮಹಡಿಯ ಮೇಲೆ ಮಂಗಳೂರಿನ ಕ್ಯಾಥೊಲಿಕ್ ಕುಟುಂಬವಿದೆ. ಅವರಲ್ಲೂ ಇದೇ ಜಗಳ. ಕೃಪೆಯಿಂದ, ನಂಬಿಕೆಯ ಮೂಲಕವೇ ರಕ್ಷಣೆ, ಕೆಲಸದಿಂದಲ್ಲ ಅಂತ ಬೈಬಲಿನಲ್ಲಿ ಪೌಲನ ಪತ್ರ ಹೇಳಿದರೆ, ಕೆಲಸವಿಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬನ ಪತ್ರ ಹೇಳುತ್ತದೆ. 1517ರಲ್ಲಿ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಎತ್ತಿದ ವಿವಾದದಲ್ಲಿ ಇದೇ ಪ್ರಶ್ನೆ ನಡುವೆ ನಿಂತಿತು, ಚರ್ಚು ಒಡೆಯಿತು. ಈ ವಿಷಯದಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಕೂಡಿ ಒಂದು ಘೋಷಣೆಗೆ ಸಹಿ ಹಾಕಿದ್ದು 1999ರಲ್ಲಿ. ನನಗೆ ಹಿಡಿಸಿದ್ದು ಮತ್ತಾಯನ 25ನೇ ಅಧ್ಯಾಯ. ‘ನಾನು ಹಸಿದಿದ್ದೆ, ನೀವು ಊಟ ಕೊಟ್ಟಿರಿ’ ಅಂತ ತೀರ್ಪಿನ ದಿನ ರಾಜ ಹೇಳುತ್ತಾನೆ. ಆ ಒಳ್ಳೆಯ ಜನಕ್ಕೆ ಆಶ್ಚರ್ಯ. ‘ನಿನ್ನನ್ನು ನಾವು ಯಾವಾಗ ನೋಡಿದೆವು?’ ಅನ್ನುತ್ತಾರೆ. ಅಂದರೆ ತಾವು ದೇವರ ಸೇವೆ ಮಾಡುತ್ತಿದ್ದೇವೆ ಅಂತ ಅವರಿಗೆ ಗೊತ್ತೇ ಇರಲಿಲ್ಲ!

ಘಾಟಿನಲ್ಲೂ ನಾನೊಂದು ಗಮನಿಸಿದ್ದೇನೆ. ಕಾಗೆ ಬಾರದಿದ್ದಾಗ ಜನ ಏನೇನೋ ಮಾತು ಕೊಡುತ್ತಾರೆ. ಸಾಲ ತೀರಿಸುತ್ತೇನೆ, ತಂಗಿಯ ಮದುವೆ ಮಾಡುತ್ತೇನೆ, ತಮ್ಮನ ಜೊತೆ ಮಾತು ಬಿಟ್ಟಿದ್ದೆ, ಇನ್ನು ಆಡುತ್ತೇನೆ. ಇನ್ನು ಮೇಲೆ ಜಾಸ್ತಿ ನಂಬುತ್ತೇನೆ ಅಂತ ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ಸತ್ತವರಿಗೆ ಏನು ಮುಟ್ಟುತ್ತದೆ ಅಂತ ಆ ಹೊತ್ತಿಗೆ ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ?

ಹೀಗೆ ಉತ್ತರ ಗಟ್ಟಿಯಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಆ ಶೆಡ್‌ಗಳಲ್ಲಿ ಮೂರು ವರ್ಷದ ಒಂದು ಹುಡುಗ ಜ್ವರದಿಂದ ಸತ್ತ. ಯಾದಗಿರಿ ಕಡೆಯವರು. ಸಣ್ಣ ಮಕ್ಕಳನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಅಪ್ಪನೇ ಎತ್ತಿಕೊಂಡು ಬಂದ. ಎಲ್ಲ ಮುಗಿದ ಮೇಲೆ ತಾಯಿ ಕೇಳಿದಳು: ‘ಅಣ್ಣಾರ, ನನ್ನ ಕೂಸು ಎಲ್ಲಿಗಿ ಹೋತ್ರಿ?’

ನನ್ನ ಬಾಯಿ ಕಟ್ಟಿತು. ಆ ಮಗು ಯಾವ ಪುಣ್ಯವನ್ನೂ ಗಳಿಸಿರಲಿಲ್ಲ. ದೇವರ ಹೆಸರೂ ಅದಕ್ಕೆ ಗೊತ್ತಿರಲಿಲ್ಲ. ನಾನು ಇಷ್ಟು ದಿನ ಹಿಡಿದುಕೊಂಡಿದ್ದ ತಕ್ಕಡಿಯ ಎರಡೂ ತಟ್ಟೆ ಖಾಲಿ. ಪೂರ್ವಜನ್ಮದ ಕರ್ಮ ಅಂತ ಹೇಳುವವರು ಹೇಳುತ್ತಾರೆ. ಆ ತಾಯಿಯ ಮುಖ ನೋಡಿಕೊಂಡು ಆ ಮಾತು ಆಡಲು ನನ್ನಿಂದ ಆಗಲಿಲ್ಲ, ಯಾವತ್ತೂ ಆಗುವುದಿಲ್ಲ. ‘ದೇವರು ಎತ್ತಿಕೊಂಡಾನವ್ವಾ’ ಅಂದೆ. ಹೇಳಿದ ಮೇಲೆ ಅದು ಬಾಯಿಮಾತಲ್ಲ, ನಾನು ನಿಜವಾಗಿ ನಂಬುವ ಮಾತು ಅಂತ ತಿಳಿಯಿತು. ಏನೂ ತರದೆ ಬಂದ ಮಗುವನ್ನು ಏನೂ ಕೇಳದೆ ಎತ್ತಿಕೊಳ್ಳುವವನು ಒಬ್ಬ ಇದ್ದಾನೆ. ಮಾಡಲು ಆಗದವರಿಂದ ಅವನು ಲೆಕ್ಕ ಕೇಳುವುದಿಲ್ಲ. ಕೈಕಾಲು ಗಟ್ಟಿ ಇದ್ದವರನ್ನು ಮಾತ್ರ ‘ಏನು ಮಾಡಿದೆ?’ ಅಂತ ಕೇಳುತ್ತಾನೆ. ಅಂಥವನು ಕಾಕಾನನ್ನು ಬಾಗಿಲಲ್ಲಿ ನಿಲ್ಲಿಸಿ, ನೀನು ಯಾಕೆ ಕೈಮುಗಿಯಲಿಲ್ಲ ಅಂತ ಕೇಳುತ್ತಾನಾ?

ಹೋದ ತಿಂಗಳು ಕಾಕು ಮತ್ತೆ ಅದನ್ನೇ ಕೇಳಿದರು. ಈ ಸಲ ನಾನು ಗೀತೆಯ ಆರನೇ ಅಧ್ಯಾಯ ತೆಗೆದೆ. ಶ್ರದ್ಧೆ ಇದ್ದೂ ದಾರಿಯಲ್ಲಿ ಜಾರಿದವನು ಒಡೆದ ಮೋಡದ ಹಾಗೆ ಚದುರಿ ಹೋಗುತ್ತಾನಾ ಅಂತ ಅರ್ಜುನ ಕೇಳುತ್ತಾನೆ. ಅವನು ಕೇಳಿದ್ದು ನಂಬಿದವನ ಬಗ್ಗೆ, ಕಾಕಾನಂಥವರ ಬಗ್ಗೆ ಅಲ್ಲ. ಅದನ್ನು ಮುಚ್ಚಿಡದೆ ಕಾಕುವಿಗೆ ಹೇಳಿದೆ. ಆದರೆ 40ನೇ ಶ್ಲೋಕದಲ್ಲಿ ಕೃಷ್ಣ ಕೊಡುವ ಉತ್ತರ ಆ ಪ್ರಶ್ನೆಗಿಂತ ದೊಡ್ಡದು. ‘ನ ಹಿ ಕಲ್ಯಾಣಕೃತ್ ಕಶ್ಚಿತ್ ದುರ್ಗತಿಂ ತಾತ ಗಚ್ಛತಿ.’ ಒಳ್ಳೆಯದು ಮಾಡಿದವನು ಯಾರೂ ದುರ್ಗತಿಗೆ ಹೋಗುವುದಿಲ್ಲ.

‘ತಾತ ಅಂದ್ರ? ಅರ್ಜುನ ಅಜ್ಜ ಏನು?’ ಅಂದರು ಕಾಕು.

ಅಲ್ಲ, ಸಂಸ್ಕೃತದಲ್ಲಿ ಅದು ಅಪ್ಪ ಅನ್ನುವ ಮಾತು, ಚಿಕ್ಕವರನ್ನೂ ಪ್ರೀತಿಯಿಂದ ಹಾಗೇ ಕರೆಯುತ್ತಾರೆ ಅಂದೆ. ನೀವು ನನಗೆ ‘ಹೆಂಗಪ್ಪಾ’ ಅಂತೀರಲ್ಲ, ಹಾಗೆ.

ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಸಾಲನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡು ಅಂದರು, ಕಣ್ಣು ಮಂಜಾಗಿದೆ. ಬರೆದುಕೊಟ್ಟೆ. ಅದನ್ನು ದೇವರ ಕೋಣೆಯಲ್ಲಿ ಇಡುತ್ತಾರೆ ಅಂದುಕೊಂಡಿದ್ದೆ. ಕಾಕಾ ಭಾನುವಾರ ಒಯ್ಯುತ್ತಿದ್ದ ಚೀಲ ಇನ್ನೂ ಬಾಗಿಲ ಹಿಂದೆ ಗೂಟಕ್ಕೆ ತೂಗುತ್ತದೆ. ಮಡಚಿ ಅದರಲ್ಲಿ ಇಟ್ಟರು.